ಬೇಗ ಓದುವ ಗುಟ್ಟು

ಮಕ್ಕಳೇ, ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ರೈಲಿನಲ್ಲಿ ಹೋಗುವಾಗ ‘ಕೋರಮಂಡಲ’ ಎಂಬ ನಿಲ್ದಾಣದ ಹೆಸರನ್ನು ಕೋ-ರ-ಮಂ-ಡ-ಲ ಎಂದು ಕೂಡಿಸಿ ಓದುತ್ತೀರಾ? ಇಲ್ಲವಲ್ಲ! ಪರಿಚಯದ ಪದವನ್ನು ಕಣ್ಣು ಇಡಿಯಾಗಿ ಹಿಡಿಯುತ್ತದೆ.

ಓದುವಾಗ ಕಣ್ಣು ಸಾಲಿನ ಮೇಲೆ ಜಾರುವುದಿಲ್ಲ. ಜಿಗಿಯುತ್ತದೆ, ನಿಲ್ಲುತ್ತದೆ, ಮತ್ತೆ ಜಿಗಿಯುತ್ತದೆ. ನಿಂತಾಗಲೇ ಅಕ್ಷರ ಕಾಣುವುದು. ‘ಅಜ್ಜನ ಮನೆಯ / ಹಿತ್ತಲಲ್ಲಿ / ದೊಡ್ಡ ಹುಣಸೆಮರ’ ಎಂದು ಅರ್ಥಕ್ಕೆ ತಕ್ಕಂತೆ ಗುಂಪು ಮಾಡಿ ಓದಿದರೆ ನಿಲ್ಲುವುದು ಕಡಿಮೆಯಾಗುತ್ತದೆ. ಶಾಲೆಯಿಂದ, ಊರಿನಿಂದ, ಮನೆಯಿಂದ: ಪದದ ಕೊನೆಯ ‘ಇಂದ’ ರೂಢಿಯಾದರೆ ಉದ್ದದ ಪದವೂ ಸಲೀಸು.

ಅಜ್ಜ-ಅಜ್ಜಿಯರೇ, ನಮ್ಮ ಕೆಜಿಎಫ್‌ನಲ್ಲಿ ಎಷ್ಟೋ ಮಕ್ಕಳ ಮನೆಮಾತು ತಮಿಳು. ಆ ಲಿಪಿಯಲ್ಲಿ ನಮ್ಮಂತೆ ಒತ್ತಕ್ಷರವಿಲ್ಲ. ‘ರಾಷ್ಟ್ರ’ ಎಂಬಲ್ಲಿ ತಡವರಿಸುವ ಮಗುವಿನ ಮುಂದೆ ಗಡಿಯಾರ ಹಿಡಿಯಬೇಡಿ. ನಾಚಿಕೊಂಡ ಮಗು ಪುಸ್ತಕವನ್ನೇ ಬಿಟ್ಟೀತು. ಒಂದೇ ಪುಟ್ಟ ಕಥೆಯನ್ನು ಮೂರು ದಿನ ಗಟ್ಟಿಯಾಗಿ ಓದಿಸಿ. ವೇಗ ತಾನಾಗಿ ಬರುತ್ತದೆ.

ಬ್ಯಾಂಕಿನಲ್ಲಿ ನೋಟು ಎಷ್ಟು ಬೇಗ ಎಣಿಸಿದರೂ ಸಂಜೆ ಲೆಕ್ಕ ತಾಳೆಯಾಗಬೇಕು. ಓದೂ ಹಾಗೆಯೇ. ಪುಸ್ತಕ ಮುಚ್ಚಿ, “ಕಥೆ ಹೇಳು ಪುಟ್ಟಾ” ಎನ್ನಿ. ಹೇಳಿದರೆ ಓದಿದಂತೆ, ಇಲ್ಲದಿದ್ದರೆ ಪುಟ ತಿರುವಿದಂತೆ, ಅಷ್ಟೇ.