ಮೂವತ್ತೈದು ಕಿಲೋ ಭಾರ, ಒಂದು ಕಿಲೋಮೀಟರ್ ಓಟ



1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ ಮಾರ್ಗವಾಗಿ ಸಿಕಂದರಾಬಾದಿಗೆ ನಿಜಾಮರ ರೈಲು ಓಡತೊಡಗಿತು. ರೈಲ್ವೆಯ ನೌಕರಿ ನಮ್ಮ ಸೀಮೆಯ ಬಡಮನೆಗಳ ಹಳೆಯ ಕನಸು. 2025ರ ಜನವರಿಯಲ್ಲಿ ದೇಶಾದ್ಯಂತ ಗ್ರೂಪ್ ಡಿ ದರ್ಜೆಯ 32,438 ಹುದ್ದೆಗಳಿಗೆ ಅರ್ಜಿ ಕರೆದಾಗ, ಹಳಿ ಹಾಯದ ಚಿಂಚೋಳಿಯಂಥ ಊರಿಗೂ ಆ ಕನಸಿನಲ್ಲಿ ಪಾಲಿತ್ತು.

ಗಣಕಯಂತ್ರದ ಪರೀಕ್ಷೆ ಗೆದ್ದವರಿಗೆ ಮುಂದೆ ದೇಹದ ಪರೀಕ್ಷೆ. ಗಂಡಸರು 35 ಕಿಲೋ ಭಾರವನ್ನು ಕೆಳಗಿಡದೆ 2 ನಿಮಿಷದಲ್ಲಿ 100 ಮೀಟರ್ ಒಯ್ಯಬೇಕು. 4 ನಿಮಿಷ 15 ಸೆಕೆಂಡಿನಲ್ಲಿ 1000 ಮೀಟರ್ ಓಡಬೇಕು. ಹೆಂಗಸರಿಗೆ 20 ಕಿಲೋ ಭಾರ, ಅಷ್ಟೇ ದೂರ, ಅಷ್ಟೇ ಸಮಯ. ಓಟಕ್ಕೆ 5 ನಿಮಿಷ 40 ಸೆಕೆಂಡು. ಎರಡಕ್ಕೂ ಒಂದೊಂದೇ ಅವಕಾಶ.

ಈಗ ಲೆಕ್ಕ ಹಾಕಿ ನೋಡೋಣ. 2 ನಿಮಿಷಕ್ಕೆ 100 ಮೀಟರ್ ಎಂದರೆ ಗಂಟೆಗೆ 3 ಕಿಲೋಮೀಟರ್. ಜಾತ್ರೆಯಲ್ಲಿ ತೇರಿನ ಹಿಂದೆ ಸಾಗುವ ನಡಿಗೆ! ಒಂದು ಯೂರಿಯಾ ಚೀಲವೇ 45 ಕಿಲೋ ತೂಗುತ್ತದೆ. ಶಹಾಬಾದದ ಫರಸಿ ಕಲ್ಲು ಹೊತ್ತವರ, ತೊಗರಿ ಚೀಲ ಹೇರಿದವರ ಮಕ್ಕಳಿಗೆ 35 ಕಿಲೋ ಯಾವ ಲೆಕ್ಕ? ಓಟದ ಮಾತೇ ಬೇರೆ. 400 ಮೀಟರಿನ ಒಂದು ಸುತ್ತನ್ನು 102 ಸೆಕೆಂಡಿನಲ್ಲಿ ಮುಗಿಸಿ, ಅದೇ ವೇಗವನ್ನು ಎರಡೂವರೆ ಸುತ್ತು ಕಾಯ್ದುಕೊಳ್ಳಬೇಕು. ಅಭ್ಯಾಸವಿಲ್ಲದ ಎದೆ ಮೊದಲ ಸುತ್ತಿಗೇ ಏದುಸಿರು ಬಿಡುತ್ತದೆ.

ಆದರೂ ನಮ್ಮ ಹುಡುಗರು ಮಾಡುವುದೇನು? ಜಿಮ್ಮಿನ ಕನ್ನಡಿಯ ಮುಂದೆ ತೋಳು ಬೆಳೆಸುತ್ತಾರೆ. ‘ಓಡಿದರೆ ಮೈ ಕರಗುತ್ತದೆ’ ಎಂಬ ಉಪದೇಶ ಬೇರೆ! 1980ರಲ್ಲಿ ರಾಬರ್ಟ್ ಹಿಕ್ಸನ್ ಎಂಬ ಅಮೆರಿಕದ ಸಂಶೋಧಕ ಹತ್ತು ವಾರಗಳ ಕಠಿಣ ತರಬೇತಿ ಕೊಟ್ಟು ಇದನ್ನು ಪರೀಕ್ಷಿಸಿದ. ಎರಡನ್ನೂ ಒಟ್ಟಿಗೆ ಮಾಡಿದವರ ಬಲದ ಏರಿಕೆ ಕೊನೆಯ ವಾರಗಳಲ್ಲಿ ಕುಂಠಿತವಾಯಿತು, ನಿಜ. ಆದರೆ ಭಾರ ಎತ್ತಿದ್ದರಿಂದ ಅವರ ದಮ್ಮು ಬೆಳೆಯುವುದಕ್ಕೆ ಅಡ್ಡಿಯಾಗಲಿಲ್ಲ. ನಮಗೆ ಬೇಕಾದದ್ದು ಗರಿಷ್ಠ ಬಲವಲ್ಲ, 35 ಕಿಲೋ ಮತ್ತು ದಮ್ಮು. ಹಾಗಿದ್ದ ಮೇಲೆ ಭಯವೇಕೆ?

‘ಮೊದಲು ಫಲಿತಾಂಶ ಬರಲಿ, ಆಮೇಲೆ ಓಡಿದರಾಯಿತು’ ಎನ್ನುವವರ ಮಾತು ಇನ್ನೂ ಅಪಾಯಕಾರಿ. 2024ರ ಆಗಸ್ಟ್–ಸೆಪ್ಟೆಂಬರಿನಲ್ಲಿ ಝಾರ್ಖಂಡದ ಅಬಕಾರಿ ಕಾನ್‌ಸ್ಟೇಬಲ್ ಭರ್ತಿಯ 10 ಕಿಲೋಮೀಟರ್ ಓಟದಲ್ಲಿ ಹತ್ತಕ್ಕೂ ಹೆಚ್ಚು ಅಭ್ಯರ್ಥಿಗಳು ಪ್ರಾಣ ಕಳೆದುಕೊಂಡರು. ನಮ್ಮ ಓಟ ಅಷ್ಟು ದೂರದ್ದಲ್ಲ. ಆದರೆ ನಮ್ಮ ಬಿಸಿಲು ಯಾರನ್ನೂ ಕ್ಷಮಿಸುವಂಥದ್ದಲ್ಲ. ಎದೆಗೆ ಓಟ ಕಲಿಸಲು ತಿಂಗಳುಗಳು ಬೇಕು. ಸೂರ್ಯೋದಯಕ್ಕೆ ಮುನ್ನ ವಾರಕ್ಕೆ ಮೂರು ದಿನ ಓಡಿ: ಒಂದು ದಿನ ನಿಧಾನವಾಗಿ ದೂರ, ಎರಡು ದಿನ ನಡುನಡುವೆ ವಿಶ್ರಾಂತಿ ಪಡೆಯುತ್ತ 400 ಮೀಟರಿನ ವೇಗದ ಸುತ್ತುಗಳು. ಉಳಿದ ದಿನಗಳಲ್ಲಿ ಎರಡು ಸಲ ಗೋಣಿಚೀಲಕ್ಕೆ ಮರಳು ತುಂಬಿ, ಬೆನ್ನು ಬಾಗಿಸದೆ ಮೊಣಕಾಲು ಮಡಿಸಿ ಎತ್ತಿ, ನಡೆಯಿರಿ. ಇದಕ್ಕೆ ಯಾವ ಶುಲ್ಕವೂ ಇಲ್ಲ.

ಇನ್ನು ಹೆಣ್ಣುಮಕ್ಕಳ ವಿಷಯ. 20 ಲೀಟರ್ ನೀರು ತೂಗುವುದು 20 ಕಿಲೋ. ಅಷ್ಟು ನೀರನ್ನು ಮಗಳು ಹೊತ್ತು ತಂದರೆ ನಮಗೆ ಅಭಿಮಾನ. ಅದೇ ಮಗಳು ಬೆಳಗಿನ ಜಾವ ರಸ್ತೆಯಲ್ಲಿ ಓಡಿದರೆ ಅವಮಾನ! ಆಕೆ ಸೋತರೆ ಅದಕ್ಕೆ ಕಾರಣ ಕಾಲಿನ ದೌರ್ಬಲ್ಯವಲ್ಲ, ನೋಡುವವರ ಕಣ್ಣು. ಹೊರೆ ಹೊರಿಸಲು ಹಿಂಜರಿಯದ ನಾವು ಓಡಲು ಬಿಡಲು ಏಕೆ ಹಿಂಜರಿಯುತ್ತೇವೆ?

ಆಟದ ಪಿರಿಯಡ್ಡನ್ನು ಗಣಿತ, ವಿಜ್ಞಾನಗಳು ನುಂಗುವುದನ್ನು ನನ್ನ ಸೇವೆಯುದ್ದಕ್ಕೂ ಕಂಡಿದ್ದೇನೆ. ಶಾಲೆ ಬಿಟ್ಟ ಮೇಲೆ ಮೈದಾನದ ಗೇಟಿಗೆ ಬೀಗ. ನಾನು ಕ್ರೀಡಾಂಗಣ ಕೇಳುತ್ತಿಲ್ಲ. ಬೆಳಿಗ್ಗೆ ಐದಕ್ಕೆ ಆ ಬೀಗ ತೆಗೆಯಲಿ, ಸುಣ್ಣದಲ್ಲಿ ಒಂದು ಸುತ್ತು ಗೆರೆ ಎಳೆಯಲಿ, ಹುಡುಗಿಯರ ಜೊತೆಗೆ ಊರ ಹಿರಿಯರಿಬ್ಬರು ನಿಲ್ಲಲಿ.

ನಿಮ್ಮಲ್ಲಿ ಅನೇಕರು ಇಂದು ಪಂಚಾಯಿತಿಗಳಲ್ಲಿ, ಶಾಲೆಗಳಲ್ಲಿ ಅಧಿಕಾರದಲ್ಲಿದ್ದೀರಿ. ಆ ಬೀಗದ ಕೈ ನಿಮ್ಮ ಬಳಿಯೇ ಇದೆಯಲ್ಲವೇ?