ಕೋವಿಯ ಉತ್ತರಾಧಿಕಾರವೂ ಬೇಟೆಯ ಹಕ್ಕೂ

ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಹಳೆಯ ಮನೆತನಗಳಲ್ಲಿ ಕೆಲವಕ್ಕೆ ಹಿರಿಯರಿಂದ ಬಂದ ಜೋಡುನಳಿಗೆಯ ಕೋವಿಯೊಂದುಂಟು. ಹೊಲಮನೆಗಳನ್ನು ಪಾಲು ಮಾಡಿಕೊಂಡ ಅಣ್ಣತಮ್ಮಂದಿರು ಕೋವಿಯನ್ನು ಮಾತ್ರ ಹಿರಿಯನಿಗೆ ಬಿಟ್ಟುಕೊಡುವರು. ಆಯುಧಪೂಜೆಯ ದಿನ ಅದಕ್ಕೆ ಕುಂಕುಮವಿಟ್ಟು ಕೈಮುಗಿಯುವರು. ಇದರಲ್ಲಿ ಆಕ್ಷೇಪಿಸತಕ್ಕದ್ದೇನೂ ಇಲ್ಲ. ಪಿತೃಗಳ ವಸ್ತುವನ್ನು ಆದರದಿಂದ ಕಾಯುವುದು ಸತ್ಸಂಪ್ರದಾಯವೇ ಸರಿ. ಆದರೆ ಈ ಆದರದ ಬೆನ್ನಿಗೇ ಒಂದು ವಾದವೂ ಹೊರಡುತ್ತದೆ: “ಅಜ್ಜ ಗೌಜಲಕ್ಕಿ ಹೊಡೆದರು, ಅಪ್ಪ ಲಾವಕ್ಕಿ ಹೊಡೆದರು, ಸುಗ್ಗಿ ತೀರಿದ ಮೇಲೆ ನಾವೂ ನಾಲ್ಕು ಹಕ್ಕಿ ಹೊಡೆದರೆ ಯಾರ ಗಂಟು ಹೋಯಿತು?” ವಿದ್ಯಾವಂತರ ಬಾಯಲ್ಲಿಯೂ ಈ ಮಾತು ಕೇಳಿಬರುವುದರಿಂದ ಅದನ್ನು ಒರೆಗೆ ಹಚ್ಚುವುದು ಅವಶ್ಯ.

ಮೊದಲು ಶಾಸನದ ಮಾತು. ಬೇಟೆಯು ಹೊಲಮನೆಗಳಂತೆ ಆಸ್ತಿಯಲ್ಲ. ಸರಕಾರವು ಕೊಟ್ಟ ಅನುಮತಿ ಮಾತ್ರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಸಣ್ಣ ಬೇಟೆಗೆ ಪರವಾನಿಗೆ ಕೊಡುವ ವಿಧಿಯಿತ್ತು. 1991ರ ತಿದ್ದುಪಡಿಯು ಅದನ್ನು ಅಳಿಸಿಹಾಕಿತು. ತಂದೆಗೇ ಉಳಿಯದ ಹಕ್ಕು ಮಗನಿಗೆ ಬರುವುದೆಂತು? ಕೋವಿಯಾದರೂ ತಾನಾಗಿ ಬರುವುದಿಲ್ಲ. 1959ರ ಆಯುಧ ಕಾಯ್ದೆಯಂತೆ, ಒಡೆಯನು ತೀರಿಕೊಂಡರೆ ವಾರಸುದಾರನು ಅದನ್ನು ಠಾಣೆಯಲ್ಲಾಗಲಿ ಪರವಾನಿಗೆಯುಳ್ಳ ವ್ಯಾಪಾರಿಯಲ್ಲಾಗಲಿ ಇಟ್ಟು, ತನ್ನ ಹೆಸರಿನಲ್ಲಿ ಹೊಸದಾಗಿ ಪರವಾನಿಗೆ ಪಡೆಯಬೇಕು. 2019ರ ತಿದ್ದುಪಡಿಯಿಂದ, ಪಿತ್ರಾರ್ಜಿತವೂ ಸೇರಿ ಒಬ್ಬನಿಗೆ ಎರಡೇ ಕೋವಿ. ಬೆಳೆರಕ್ಷಣೆಗೆಂದು ಪಡೆದ ಪರವಾನಿಗೆಯು ಬದುವಿನ ಗೌಜಲಕ್ಕಿಯ ಮೇಲೆ ನಡೆಯುವುದಿಲ್ಲ. ಇನ್ನೊಂದು ವಿಷಯವನ್ನು ವಾಚಕರು ಗಮನಿಸಬೇಕು: ವನ್ಯಜೀವಿ ಅಪರಾಧ ಸಿದ್ಧವಾದಲ್ಲಿ ಕೋವಿಯು ಸರಕಾರದ ವಶವಾಗುವುದು, ಪರವಾನಿಗೆಯನ್ನು ರದ್ದುಗೊಳಿಸಿ, ಐದು ವರುಷ ಮತ್ತೆ ದೊರೆಯದಂತೆ ನ್ಯಾಯಾಲಯವು ಆಜ್ಞಾಪಿಸಬಹುದು. ಅಜ್ಜನ ಹೆಸರಿನಲ್ಲಿ ಹಕ್ಕಿ ಹೊಡೆದವನು ಅಜ್ಜನ ಕೋವಿಯನ್ನೇ ಕಳೆದುಕೊಳ್ಳುವನು. ಇದು ಯಾವ ಪಿತೃಭಕ್ತಿ!

“ರಾಜರ್ಷಿಗಳು ಬೇಟೆಯಾಡಲಿಲ್ಲವೇ?” ಎನ್ನುವವರಿದ್ದಾರೆ. ಆಡಿದರು, ಫಲವನ್ನೂ ಉಂಡರು. ದಶರಥನಿಗೆ ಪುತ್ರಶೋಕ ಬಂದದ್ದೂ ಪಾಂಡುವಿಗೆ ಶಾಪ ತಗಲಿದ್ದೂ ಬೇಟೆಯಿಂದಲೇ. ಮನುವು ಕಾಮಜವಾದ ಹತ್ತು ವ್ಯಸನಗಳಲ್ಲಿ ಮೃಗಯೆಯನ್ನೇ ಮೊದಲು ಎಣಿಸಿದನು. ಕೌಟಿಲ್ಯನು ಬೇಟೆಯಿಂದ ದೇಹಕ್ಕೆ ವ್ಯಾಯಾಮವುಂಟೆಂದು ಒಪ್ಪಿದರೂ ಅದನ್ನು ವ್ಯಸನಗಳ ಸಾಲಿನಿಂದ ತೆಗೆಯಲಿಲ್ಲ. ಕ್ರೌಂಚ, ಚಕೋರ, ಮಯೂರಾದಿಗಳನ್ನು ಕಾಪಾಡಬೇಕೆಂದೂ ವಿಧಿಸಿದನು. ದೂರವೇಕೆ? 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ದೇವಾನಾಂಪ್ರಿಯನ ಬಿರುದಿನೊಡನೆ ಅಶೋಕನೆಂಬ ಹೆಸರೇ ಕಂಡಿತು. ಆ ಬಂಡೆಯಲ್ಲಿ ಬೇಟೆಯ ಮಾತಿಲ್ಲ. ಆದರೆ ಅದೇ ಅರಸನು ತನ್ನ ಬೇರೆ ಶಾಸನಗಳಲ್ಲಿ, ಅರಮನೆಯ ಅಡುಗೆಗೆ ದಿನವೂ ಆಗುತ್ತಿದ್ದ ವಧೆಯನ್ನು ಎರಡು ನವಿಲು, ಒಂದು ಜಿಂಕೆಗೆ ಇಳಿಸಿ, ಅವನ್ನೂ ಮುಂದೆ ನಿಲ್ಲಿಸುವೆನೆಂದನು. ಬೇಟೆಯ ವಿಹಾರಯಾತ್ರೆಯನ್ನು ಬಿಟ್ಟು ಧರ್ಮಯಾತ್ರೆಯನ್ನು ಹಿಡಿದನು. ಚಕ್ರವರ್ತಿಯು ಪೂರ್ವಿಕರ ಪದ್ಧತಿಯನ್ನು ಬಿಡಬಲ್ಲವನಾದರೆ ನಮಗೇನು ಅಡ್ಡಿ? ಅದೂ ಅಲ್ಲದೆ, ತೋಟಾ ತುಂಬುವ ಕೋವಿಯು ಹತ್ತೊಂಬತ್ತನೆಯ ಶತಮಾನದ್ದು. ಅದನ್ನು ಸನಾತನವೆನ್ನುವುದು ಹಾಸ್ಯಾಸ್ಪದ.

“ಆಯುಧವು ನಮ್ಮ ಮಾನ, ಹಲಗಲಿಯವರು ಪ್ರಾಣ ಕೊಟ್ಟಾದರೂ ಅದನ್ನು ಬಿಡಲಿಲ್ಲ” ಎಂಬುದು ಮತ್ತೊಂದು ಮಾತು. 1857ರಲ್ಲಿ ಹಲಗಲಿಯ ಬೇಡರು ಎದುರಿಸಿದ್ದು ಪರರಾಜ್ಯದ ಸೈನ್ಯವನ್ನು. ಪೊದೆಯಿಂದ ಪುರ್ರೆಂದು ಹಾರುವ ಲಾವಕ್ಕಿಯ ಎದುರು ಅದೇ ಶೌರ್ಯವನ್ನು ಮೆರೆಯುವುದು ಆ ವೀರರಿಗೆ ಮಾಡುವ ಅಪಮಾನ. ಕೊಡಗಿನವರಿಗೆ ಕೋವಿಯ ಪರವಾನಿಗೆಯಿಂದ ವಿನಾಯಿತಿ ಇರುವುದು ನಿಜ. ಅದು ಕೋವಿಗೆ ಮಾತ್ರ, ಬೇಟೆಗಲ್ಲ.

ಇನ್ನು ಎಲ್ಲಕ್ಕಿಂತ ಬಲವಾದ ವಾದ: “ಹಕ್ಕಿಗಳು ಕಡಮೆಯಾದದ್ದು ನಮ್ಮ ಛರ್ರೆಯಿಂದಲ್ಲ, ಕಾಲುವೆಯಿಂದ, ಗದ್ದೆಯಿಂದ, ಕೀಟನಾಶಕದಿಂದ.” ಇದರಲ್ಲಿ ಸತ್ಯಾಂಶವುಂಟು. 1953ರಲ್ಲಿ ತುಂಗಭದ್ರೆಯ ಅಣೆಕಟ್ಟಾದ ಬಳಿಕ ಎಡದಂಡೆಯ ನೀರು ಹರಿದು ಸಿಂಧನೂರಿನ ಜೋಳದ ಎರೆಹೊಲಗಳು ಭತ್ತದ ಗದ್ದೆಗಳಾದವು. ಗೌಜಲಕ್ಕಿಯು ಕುರುಚಲು, ಬದು, ಒಣಹುಲ್ಲುಗಳ ಹಕ್ಕಿ. ನೀರು ನಿಂತ ಗದ್ದೆಯಲ್ಲಿ ಅದಕ್ಕೆ ತಾವಿಲ್ಲ. ಆದರೆ ಕಣಜಕ್ಕೆ ಬೆಂಕಿ ಬಿದ್ದ ವರುಷ ಉಳಿದ ಬೀಜದ ಕಾಳನ್ನು ಹುರಿದು ತಿನ್ನುವ ಒಕ್ಕಲಿಗನುಂಟೇ? ನೆಲೆ ಕುಗ್ಗಿದಷ್ಟೂ ಉಳಿದ ಹಕ್ಕಿಯ ಬೆಲೆ ಹೆಚ್ಚು. ಸುಗ್ಗಿಯ ಮರೆ ಹೋಗಿ, ನೆಲದ ಮೇಲೆ ಗೂಡು ಕಟ್ಟುವ ಕಾಲ ಹತ್ತಿರವಾದಾಗಲೇ ನಮ್ಮ ವಿನೋದವೂ ಹೊರಡುವುದು. ಎರೆಭೂತದ ಕಥೆಯು ಕಣ್ಣೆದುರಿಗಿದೆ. ಅಹಮದ್‌ನಗರ ಪ್ರಾಂತದಲ್ಲಿ ಒಬ್ಬ ಆಂಗ್ಲನು 1809ರಿಂದ ಸುಮಾರು ಇಪ್ಪತ್ತು ವರುಷಗಳಲ್ಲಿ 961 ಎರೆಭೂತಗಳನ್ನು ಹೊಡೆದನೆಂದು ದಾಖಲೆಯುಂಟು. ಇಂದು ದೇಶದ ಬಯಲಿನಲ್ಲಿ ಅವು ಸುಮಾರು 150 ಮಾತ್ರ. ಹೊಳೆಯಾಚೆಯ ಸಿರುಗುಪ್ಪದಲ್ಲಿ ಬೆರಳೆಣಿಕೆಯಷ್ಟು.

ಉರುಲೊಡ್ಡಿ ಎರಡು ಹಕ್ಕಿ ಹಿಡಿದು ಸಂತೆಗೆ ತಂದ ಬಡವನನ್ನು ಕಂಡರೆ ನಾವು ಕಾಯ್ದೆಯನ್ನು ನೆನೆಯುತ್ತೇವೆ. ಹೊಟ್ಟೆಗಾಗಿ ಮಾಡಿದರೆ ಅಪರಾಧ. ಉಂಡು ತೇಗಿದವನು ಮಾಡಿದರೆ ಮನೆತನದ ಸಂಪ್ರದಾಯ! ಈ ಎರಡು ಅಳತೆ ವಿದ್ಯಾವಂತರಿಗೆ ಶೋಭಿಸದು.

ಕೋವಿಯು ಮನೆಯಲ್ಲಿರಲಿ, ಪರವಾನಿಗೆಯೊಡನೆ, ಬೀಗದೊಳಗೆ, ಮಕ್ಕಳ ಕೈಗೆ ಎಟುಕದಂತೆ ಇರಲಿ. ಇಡಲಾರದವರು ಠಾಣೆಗೆ ಒಪ್ಪಿಸಲಿ. ಯಾವ ಪೊದೆಯಲ್ಲಿ ಗೌಜಲು ಮಲಗುವುದು, ಯಾವ ಕೂಗು ಯಾವ ಹಕ್ಕಿಯದು ಎಂಬುದನ್ನು ಹಿರಿಯರು ಬಲ್ಲವರಾಗಿದ್ದರು. ಆ ಕಣ್ಣು, ಆ ಕಿವಿ ಪಾಲಿಗೆ ಬಂದರೆ ಅದಕ್ಕೆ ಯಾವ ಪರವಾನಿಗೆಯೂ ಬೇಡ. ಆದರೆ ಕೂಗುವ ಹಕ್ಕಿಯೇ ಇಲ್ಲದಿದ್ದರೆ ಮೊಮ್ಮಕ್ಕಳಿಗೆ ಅದನ್ನು ಕಲಿಸುವುದು ಹೇಗೆ?