ಬಚ್ಚಲುಮನೆಯ ಜೀರ್ಣೋದ್ಧಾರ

ನಡುಮನೆಗೆ ಸಲ್ಲುವ ಮರ್ಯಾದೆ ಬಚ್ಚಲುಮನೆಗೆ ಸಲ್ಲುವುದಿಲ್ಲ. ಅತಿಥಿಗಳು ಕುಳಿತುಕೊಳ್ಳುವ ಕಡೆ ವರ್ಷವರ್ಷವೂ ಬಣ್ಣ ಬಳಿದು, ಮನೆಯವರು ದಿನಕ್ಕೆ ಹತ್ತು ಸಲ ಕಾಲಿಡುವ ಕಡೆಯನ್ನು ಮರೆತುಬಿಡುವುದು ನಮ್ಮವರ ವಾಡಿಕೆ. ವಯಸ್ಸಾದವರು ಜಾರಿ ಬಿದ್ದು ಸೊಂಟ ಮುರಿದುಕೊಳ್ಳುವುದು ಹೆಚ್ಚಾಗಿ ಈ ಮರೆತ ಜಾಗದಲ್ಲಿಯೇ. ಗೋಡೆಗೆ ತೇವ ಏರುವುದೂ ಇಲ್ಲಿಂದಲೇ. ಚಾಮರಾಜನಗರ, ಗುಂಡ್ಲುಪೇಟೆಗಳ ಗೃಹಸ್ಥರು ತಮ್ಮ ಕೈಯಿಂದಲೇ ಈ ಕೋಣೆಯನ್ನು ಎಷ್ಟರಮಟ್ಟಿಗೆ ಹೊಸದು ಮಾಡಿಕೊಳ್ಳಬಹುದೆಂಬುದನ್ನು ಈ ತಿಂಗಳು ಹೇಳುವೆವು.

ಮೊದಲು ಕಲ್ಲಿನ ಮಾತು. ಅರಿಕುಠಾರವೆಂಬ ಊರಿಗೆ ೧೮೧೮ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯವರ ಹೆಸರನ್ನಿಟ್ಟರು. ಆ ಹೆಸರನ್ನು ಇಂದು ಹೊರದೇಶಗಳ ಕಲ್ಲುವ್ಯಾಪಾರಿಗಳೂ ಬಲ್ಲರಾದರೆ ಅದಕ್ಕೆ ಇಲ್ಲಿಯ ಕರಿಕಲ್ಲೇ ಕಾರಣ. ವ್ಯಾಪಾರದಲ್ಲಿ ಇದಕ್ಕೆ ಗ್ರಾನೈಟ್ ಎಂದು ಹೆಸರು. ಭೂಗರ್ಭಶಾಸ್ತ್ರಜ್ಞರು ಡಾಲರೈಟ್ ಎನ್ನುವರು. ಇಂಥ ಕಲ್ಲು ಬಾಗಿಲಲ್ಲೇ ಇರುವಾಗ ಕೃತಕ ಅಮೃತಶಿಲೆಯನ್ನು ದೂರದಿಂದ ತರಿಸುವವರ ಅಭಿರುಚಿ ನಮಗೆ ಅರ್ಥವಾಗದು. ಬೋಗುಣಿಯನ್ನು ಕೂರಿಸುವುದಕ್ಕೆ ಬೇಕಾದುದು ಒಂದು ಚಪ್ಪಡಿ ಮಾತ್ರ. ಕಲ್ಲಿನ ಅಂಗಡಿಯಲ್ಲಿ ದೊಡ್ಡ ಹಲಗೆಯಿಂದ ಉಳಿದ ತುಂಡು ದೊರೆತರೆ ಸಾಕು, ಖರ್ಚೂ ಕಡಿಮೆ. ಆದರೆ ಕಪ್ಪಾಗಿರುವುದೆಲ್ಲ ಕರಿಕಲ್ಲಲ್ಲ. ಬೂದುಗಲ್ಲಿಗೆ ಬಣ್ಣ ಹಾಕಿ ಮಾರುವುದೂ ಉಂಟು. ಉಗುರಿನ ಬಣ್ಣವನ್ನು ತೆಗೆಯುವ ಅಸಿಟೋನ್ ದ್ರಾವಣದಲ್ಲಿ ಬಿಳಿಯ ಬಟ್ಟೆಯನ್ನು ಅದ್ದಿ ಕಲ್ಲಿನ ಮೂಲೆಯನ್ನು ಉಜ್ಜಿ ನೋಡಿರಿ. ಬಟ್ಟೆ ಕಪ್ಪಾದರೆ ಆ ಅಂಗಡಿಗೆ ನಮಸ್ಕಾರ ಹೇಳಿರಿ.

ಬೋಗುಣಿಯನ್ನು ಮೊದಲು ಕೊಂಡು, ಅದರ ಜೊತೆಗೆ ಬರುವ ಕಾಗದದ ಅಚ್ಚನ್ನು ಕಲ್ಲಿನ ಅಂಗಡಿಗೆ ಒಯ್ದು ಅಲ್ಲಿಯೇ ತೂತನ್ನು ಕೊರೆಯಿಸಬೇಕು. ಇದನ್ನು ಮನೆಯಲ್ಲಿ ಮಾಡಹೊರಡುವುದು ಬುದ್ಧಿವಂತಿಕೆಯಲ್ಲ. ಮೂರಡಿ ಉದ್ದ, ಒಂದೂಮುಕ್ಕಾಲು ಅಡಿ ಅಗಲ, ೨೦ ಮಿಲಿಮೀಟರ್ ದಪ್ಪದ ಚಪ್ಪಡಿ ಹೆಚ್ಚುಕಡಮೆ ೩೦ ಕಿಲೋ ತೂಗುವುದು. ಇಬ್ಬರು ಹಿಡಿಯಬೇಕು, ಕೆಳಗೆ ಇಟ್ಟಿಗೆಯ ಕಾಲುಗೋಡೆಯಾಗಲಿ ಗೋಡೆಗೆ ಬಿಗಿದ ಗಟ್ಟಿ ಕಬ್ಬಿಣದ ಆಸರೆಯಾಗಲಿ ಇರಬೇಕು. ರಸಮಟ್ಟವಿಟ್ಟು ನೋಡಿ, ನೀರು ಗೋಡೆಯ ಕಡೆಗೆ ಹರಿಯದಂತೆ ಕೂರಿಸುವುದು.

ಇದೇ ಹೊಳೆಯುವ ಕಲ್ಲನ್ನು ನೆಲಕ್ಕೂ ಹಾಕಿಸುವ ಆಸೆಯನ್ನು ಮಾತ್ರ ಸರ್ವಥಾ ಬಿಡಬೇಕು. ಒದ್ದೆಯಾದ ನುಣುಪು ಕಲ್ಲಿನ ಮೇಲೆ ಸಾಬೂನು ಬಿದ್ದರೆ ಅಜ್ಜಿಯ ಗತಿಯೇನು? ನೆಲಕ್ಕೆ ಒರಟಾದ ಹಾಸುಗಲ್ಲು ಅಥವಾ ಜಾರದ ಹೆಂಚೇ ಯುಕ್ತ. ನಾಲ್ಕಡಿಗೆ ಒಂದು ಅಂಗುಲದಂತೆ ವಾಟವಿರಲಿ. ಗೋಡೆಗೆ ಒಂದು ಹಿಡಿಗಂಬಿಯನ್ನೂ ಬಿಗಿಯಿರಿ. ಬೆಲೆಬಾಳುವ ನಲ್ಲಿಗಿಂತ ಅದು ಹೆಚ್ಚು ಉಪಕಾರಿ.

ನಲ್ಲಿಯನ್ನು ಆರಿಸುವಾಗ ನೀರನ್ನು ನೆನೆಯಬೇಕು. ಕೊಳವೆಬಾವಿಯ ಗಡಸು ನೀರು ಬರುವ ಮನೆಗಳಲ್ಲಿ ನಲ್ಲಿಯ ಮೂತಿಯ ಸಣ್ಣ ಜರಡಿಗೆ ಬಿಳಿಯ ಸುಣ್ಣ ಕಟ್ಟಿ ಧಾರೆ ಸಣ್ಣಗಾಗುವುದು. ಆದಕಾರಣ ಆ ಜರಡಿಯನ್ನು ಕೈಯಿಂದ ತಿರುಗಿಸಿ ತೆಗೆಯಲು ಬರುವಂಥ ಹಿತ್ತಾಳೆಯ ನಲ್ಲಿಯನ್ನೇ ಕೊಳ್ಳಿರಿ. ಜರಡಿಯನ್ನು ನಿಂಬೆಯ ರಸದಲ್ಲಿ ಸ್ವಲ್ಪ ಹೊತ್ತು ನೆನೆಯಿಟ್ಟು ತೊಳೆದರೆ ಸುಣ್ಣ ಬಿಡುವುದು. ಅಂಗಡಿಯ ಆಸಿಡನ್ನು ಸುರಿಯುವುದು ಕೆಟ್ಟ ಅಭ್ಯಾಸ. ಅದು ನಲ್ಲಿಯ ಮೆರುಗನ್ನೂ ಕಲ್ಲುಗಳ ನಡುವಣ ಸಿಮೆಂಟನ್ನೂ ತಿಂದುಹಾಕುವುದು. ಕರಿಕಲ್ಲಿನದೂ ಒಂದು ದೋಷವುಂಟು: ಗಡಸು ನೀರಿನ ಚುಕ್ಕೆಗಳು ಅದರ ಮೇಲೆ ಎದ್ದು ಕಾಣುವುವು. ಕೈ ತೊಳೆದವರೇ ಒಣಬಟ್ಟೆಯಿಂದ ಒರೆಸುವ ಪದ್ಧತಿಯಿಟ್ಟರೆ ತೀರಿತು.

ನಲ್ಲಿಯನ್ನು ಬದಲಾಯಿಸುವುದು ಒಂದು ಗಂಟೆಯ ಕೆಲಸ. ತೊಟ್ಟಿಯಿಂದ ಬರುವ ನೀರನ್ನು ಮೊದಲು ನಿಲ್ಲಿಸಿ, ಹಳೆಯ ಮರೆಯನ್ನು ಶುಚಿಮಾಡಿ, ತಿರುಪುವ ದಿಕ್ಕಿಗೇ ಟೆಫ್ಲಾನ್ ಟೇಪನ್ನು ಸುತ್ತಿರಿ. ಎದುರು ದಿಕ್ಕಿಗೆ ಸುತ್ತಿದರೆ ಬಿಗಿಯುವಾಗ ಬಿಚ್ಚಿಕೊಳ್ಳುವುದು. ಬೋಗುಣಿಯ ಕೆಳಗಣ ಡೊಂಕು ಕೊಳವೆಯನ್ನು ಶೋಭೆಗಾಗಿ ಬಿಡಬೇಡಿರಿ. ಅದರಲ್ಲಿ ನಿಲ್ಲುವ ಎರಡಂಗುಲ ನೀರೇ ಚರಂಡಿಯ ದುರ್ಗಂಧವನ್ನು ತಡೆಯತಕ್ಕದ್ದು.

ಗೀಸರಿನ ವಿದ್ಯುತ್ತಂತಿ, ಗೋಡೆಯೊಳಗಣ ಕೊಳವೆ, ಇವೆರಡನ್ನೂ ಬಲ್ಲವರ ಕೈಗೇ ಒಪ್ಪಿಸಬೇಕು. ನೆಲವನ್ನು ಅಗೆಯಿಸಿದ್ದರೆ ಹೊಸ ಹಾಸು ಹಾಕುವ ಮುನ್ನ ಬಚ್ಚಲ ಬಾಯಿಯನ್ನು ಬಟ್ಟೆಯಿಂದ ಬಿಗಿದು, ಒಂದಂಗುಲ ನೀರು ನಿಲ್ಲಿಸಿ, ಗೋಡೆಯ ಮೇಲೆ ಸೀಸದಕಡ್ಡಿಯಿಂದ ಗುರುತಿಟ್ಟು ಒಂದು ದಿನ ಕಾಯಿರಿ. ಗುರುತಿನಿಂದ ನೀರು ಗಣನೀಯವಾಗಿ ಇಳಿದಿದ್ದರೆ, ಅಥವಾ ಆಚೆಯ ಗೋಡೆ ಒದ್ದೆಯಾಗಿದ್ದರೆ, ಮೇಸ್ತ್ರಿಯ ಲೆಕ್ಕವನ್ನು ಆಗಲೇ ಚುಕ್ತಾ ಮಾಡಬೇಡಿರಿ.

ಬೋಗುಣಿಯ ಅಂಚಿಗೆ ತುಂಬಿದ ಸಿಲಿಕೋನ್ ಗಟ್ಟಿಯಾಗಲು ಒಂದು ಹಗಲು, ಒಂದು ರಾತ್ರಿ ಬೇಕು. ಅಲ್ಲಿಯವರೆಗೆ ಮನೆಮಂದಿಗೆಲ್ಲ ಹಿತ್ತಲ ಕಲ್ಲೇ ಗತಿ.